ಶಾಲೆ ಯಾರ ಕೈಯಲ್ಲಿರಬೇಕು?: ಮದರ್ ಮೇರಿ ಮೆಕಿಲಪ್

ಮದರ್ ಮೇರಿ ಮೆಕಿಲಪ್ ಸ್ಥಾಪಿಸಿದ ಧರ್ಮಭಗಿನಿಯರ ಸಂಘದ ಆರಂಭದ ನಿಯಮಗಳಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಸಿಸ್ಟರುಗಳು ತಮ್ಮ ಶಾಲೆಗಳಲ್ಲಿ ಪಿಯಾನೋ ಕಲಿಸಕೂಡದು. ಸಂಗೀತದ ಮೇಲೆ ಅವರಿಗೇನೂ ಹಗೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯಾದಲ್ಲಿ ಪಿಯಾನೋ ಎಂದರೆ ಉಳ್ಳವರ ಮನೆಯ ಹಜಾರದ ವಸ್ತು. ಅದನ್ನು ನುಡಿಸಬಲ್ಲ ಹುಡುಗಿಗೆ ಮದುವೆಯ ಮಾರುಕಟ್ಟೆಯಲ್ಲಿ ಬೆಲೆ. ಕಾನ್ವೆಂಟಿನಲ್ಲಿ ಒಮ್ಮೆ ಪಿಯಾನೋ ಪಾಠ ಶುರುವಾಯಿತೆಂದರೆ ಅದಕ್ಕೆ ಬೇರೆ ಫೀಜು. ಫೀಜು ಕಟ್ಟುವ ಮಕ್ಕಳಿಗೆ ಬೇರೆ ಕೋಣೆ. ಆ ಕೋಣೆಗೆ ಚೆನ್ನಾಗಿ ಕಲಿಸುವ ಟೀಚರು. ಕುರಿ ಕಾಯುವವರ, ಗಣಿ ಕೂಲಿಗಳ, ರೈಲುಹಳಿ ಹಾಕುವವರ ಮಕ್ಕಳು ಇನ್ನೊಂದು ಕೋಣೆಯಲ್ಲಿ ಉಳಿದದ್ದನ್ನು ಕಲಿಯಬೇಕು. ಇದನ್ನು ಕಂಡೇ ಆ ಕಟ್ಟಳೆ ಬರೆದದ್ದು.

ಆಸ್ಟ್ರೇಲಿಯಾದ ಮೊದಲ ಸಂತಳೆಂದು 2010ರ ಅಕ್ಟೋಬರ್ 17ರಂದು ರೋಮಿನಲ್ಲಿ ಘೋಷಿತರಾದ ಈ ಮಹಿಳೆಯ ಬಗ್ಗೆ ಬಂದಿರುವ ಬರಹಗಳಲ್ಲಿ ಭಕ್ತಿ, ಬಡತನ, ಸಹನೆ ಇವೇ ಹೆಚ್ಚು. ಅವೆಲ್ಲ ನಿಜವೇ. ಆದರೆ ಅವರ ಬದುಕಿನ ದೊಡ್ಡ ಭಾಗ ಕಳೆದದ್ದು ಒಂದು ಒಣ ಆಡಳಿತ ಪ್ರಶ್ನೆಯ ಹಿಂದೆ. ಬಡವರ ಶಾಲೆಯಲ್ಲಿ ಪಾಠ ಹೇಳುವ ಹೆಂಗಸನ್ನು ಎಲ್ಲಿಗೆ ಕಳಿಸಬೇಕು, ಯಾವಾಗ ವರ್ಗ ಮಾಡಬೇಕು, ಆಕೆ ಏನು ಕಲಿಸಬೇಕು ಎಂದು ಹೇಳುವ ಅಧಿಕಾರ ಯಾರದು? ಊರಿನ ಬಿಷಪ್ಪರದೋ, ಆ ಹೆಂಗಸರೇ ಆರಿಸಿದ ಇನ್ನೊಬ್ಬ ಹೆಂಗಸಿನದೋ? ಮೇರಿ ಮೆಕಿಲಪ್ ಅವರ ದೊಡ್ಡ ಸಾಧನೆ ಈ ಪ್ರಶ್ನೆಗೆ ಕಾಗದದ ಮೇಲೆ ಗಟ್ಟಿಯಾದ ಉತ್ತರ ಬರೆಸಿಕೊಂಡದ್ದು ಎಂಬುದೇ ಈ ಉಪನ್ಯಾಸದ ವಾದ.

ಸಾಲದ ಮನೆಯ ಹಿರಿಮಗಳು

ಮೇರಿ ಹುಟ್ಟಿದ್ದು 1842ರ ಜನವರಿ 15ರಂದು, ಮೆಲ್ಬರ್ನಿನ ಫಿಟ್ಜ್‌ರಾಯ್‌ನಲ್ಲಿ. ತಂದೆ ಅಲೆಕ್ಸಾಂಡರ್, ತಾಯಿ ಫ್ಲೋರಾ ಮೆಕ್‌ಡೊನಾಲ್ಡ್. ಇಬ್ಬರೂ ಸ್ಕಾಟ್ಲೆಂಡಿನ ಗುಡ್ಡನಾಡಿನಿಂದ ವಲಸೆ ಬಂದವರು. ಅಲೆಕ್ಸಾಂಡರ್ ಒಂದು ಕಾಲಕ್ಕೆ ಪಾದ್ರಿಯಾಗಬೇಕೆಂದು ರೋಮಿನಲ್ಲಿ ಓದಿ, ನಡುವೆ ಬಿಟ್ಟು ಬಂದಿದ್ದರು. ಓದಿಕೊಂಡವರು, ಆದರೆ ಯಾವ ವ್ಯವಹಾರವೂ ಕೈಹತ್ತದವರು. 1851ರಲ್ಲಿ ಜಮೀನು ಅಡವಿಟ್ಟು, ಹೆಂಡತಿ ಮಕ್ಕಳನ್ನು ಬಿಟ್ಟು ಸ್ಕಾಟ್ಲೆಂಡಿಗೆ ಹೋದವರು ಮರಳಿ ಬಂದದ್ದು ಒಂದೂವರೆ ವರ್ಷದ ಹೊತ್ತಿಗೆ. ಅಷ್ಟರಲ್ಲಿ ಜಮೀನು ಕೈಬಿಟ್ಟಿತ್ತು. ಮುಂದೆ ಆ ಕುಟುಂಬಕ್ಕೆ ತಮ್ಮದೆನ್ನುವ ನೆಲೆ ಸರಿಯಾಗಿ ದಕ್ಕಲೇ ಇಲ್ಲ. ಎಂಟು ಮಕ್ಕಳಲ್ಲಿ ಹಿರಿಯಳಾದ ಮೇರಿ ಹದಿಹರೆಯದಲ್ಲೇ ಮೆಲ್ಬರ್ನಿನ ಸ್ಯಾಂಡ್ಸ್ ಅಂಡ್ ಕೆನಿ ಎಂಬ ಕಾಗದ-ಪುಸ್ತಕದ ಅಂಗಡಿಯಲ್ಲಿ ಗುಮಾಸ್ತೆಯಾಗಿ ದುಡಿಯಲು ಹೋದಳು. ಮನೆ ನಡೆದದ್ದು ಬಹುಪಾಲು ಅವಳ ಸಂಬಳದಲ್ಲಿ.

ಲೆಕ್ಕ ಬರೆಯುವ ಕೆಲಸ ಕಲಿಸಿದ ಶಿಸ್ತು ಮುಂದೆ ಅವರ ಶಾಲೆಗಳಲ್ಲಿ ಕಾಣುತ್ತದೆ. ಓದು, ಬರಹ, ಲೆಕ್ಕದ ಜೊತೆಗೆ ಬಡ ಮಕ್ಕಳಿಗೆ ಅಂಗಡಿಯ ಲೆಕ್ಕಪತ್ರ ಬರೆಯುವುದನ್ನೂ ಅಲ್ಲಿ ಕಲಿಸುತ್ತಿದ್ದರು.

ಪೆನೋಲಾದ ಲಾಯ

1860ರಲ್ಲಿ ಮೇರಿ ದಕ್ಷಿಣ ಆಸ್ಟ್ರೇಲಿಯಾದ ಪೆನೋಲಾ ಎಂಬ ಸಣ್ಣ ಊರಿನಲ್ಲಿದ್ದ ಬಂಧುಗಳ ಮನೆಗೆ ಮಕ್ಕಳಿಗೆ ಪಾಠ ಹೇಳಲು ಹೋದರು. ಜಮೀನ್ದಾರರ ಮಕ್ಕಳ ಜೊತೆಗೆ ಆ ಜಮೀನಿನಲ್ಲಿ ದುಡಿಯುವವರ ಮಕ್ಕಳನ್ನೂ ಕೂರಿಸಿಕೊಂಡರು. ಅಲ್ಲಿ ಪರಿಚಯವಾದವರು ಫಾದರ್ ಜೂಲಿಯನ್ ಟೆನಿಸನ್ ವುಡ್ಸ್. ಈ ಪಾದ್ರಿಯ ಸುಪರ್ದಿಯಲ್ಲಿ 22,000 ಚದರ ಮೈಲಿಯ ಧರ್ಮಕೇಂದ್ರ. ಕುದುರೆಯ ಮೇಲೆ ಊರೂರು ತಿರುಗುತ್ತ ಪೂಜೆ ಅರ್ಪಿಸುತ್ತಿದ್ದ ಇವರು ದಾರಿಯಲ್ಲಿ ಕಲ್ಲು, ಪಳೆಯುಳಿಕೆ ಆಯುತ್ತಿದ್ದರು. 1862ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಭೂವಿಜ್ಞಾನದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ್ದರು. ತಿರುಗಾಟದಲ್ಲಿ ಅವರನ್ನು ಕಾಡಿದ ಸಂಗತಿ, ಹಳ್ಳಿಗಾಡಿನ ಕೆಥೊಲಿಕ್ ಮಕ್ಕಳಿಗೆ ಶಾಲೆಯೇ ಇಲ್ಲ ಎಂಬುದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1851ರಲ್ಲೇ ಧರ್ಮಸಂಸ್ಥೆಗಳಿಗೆ ಸರಕಾರದ ನೆರವು ನಿಂತಿತ್ತು. ಸಂಬಳ ಕೊಟ್ಟು ಶಿಕ್ಷಕರನ್ನು ಇಟ್ಟುಕೊಳ್ಳುವ ಶಕ್ತಿ ಚರ್ಚಿಗೂ ಇರಲಿಲ್ಲ, ಪೋಷಕರಿಗೂ ಇರಲಿಲ್ಲ.

1866ರಲ್ಲಿ ಪೆನೋಲಾದ ಪಾಳುಬಿದ್ದ ಕುದುರೆ ಲಾಯವೊಂದು ಶಾಲೆಯಾಯಿತು. ಮೇರಿಯ ತಮ್ಮ ಜಾನ್ ಬಡಗಿ ಕೆಲಸ ಮಾಡಿ ಅದನ್ನು ಕೂರುವ ಹಾಗೆ ಮಾಡಿದ. ತಂಗಿಯರಾದ ಆನಿ, ಲೆಕ್ಸಿ ಪಾಠಕ್ಕೆ ನಿಂತರು. ಆ ವರ್ಷದ ಮಾರ್ಚ್ 19, ಸಂತ ಜೋಸೆಫರ ಹಬ್ಬದ ದಿನ, ಮೇರಿ ಸಾದಾ ಕಪ್ಪು ಉಡುಪು ತೊಟ್ಟು ಬಂದರು. ಇಂದಿಗೂ ಸಂಘ ತನ್ನ ಹುಟ್ಟುಹಬ್ಬ ಎಣಿಸುವುದು ಆ ದಿನದಿಂದ. ಶಾಲೆಗೆ ಐವತ್ತಕ್ಕೂ ಹೆಚ್ಚು ಮಕ್ಕಳು ಬಂದರು. ಕೊಡಬಲ್ಲವರು ಕೊಟ್ಟಷ್ಟು ಫೀಜು. ಕೊಡಲಾಗದವರನ್ನು ಯಾರೂ ವಾಪಸು ಕಳಿಸಲಿಲ್ಲ. ಮರುವರ್ಷ ಪಕ್ಕದಲ್ಲೇ ಕಟ್ಟಿದ ಕಲ್ಲಿನ ಶಾಲೆ ಈಗಲೂ ಪೆನೋಲಾದಲ್ಲಿ ನಿಂತಿದೆ.

ಕಂದು ಉಡುಪಿನ ಹೆಂಗಸರು

1867ರಲ್ಲಿ ಬಿಷಪ್ ಲಾರೆನ್ಸ್ ಶೀಲ್ ಅವರ ಕರೆಯ ಮೇಲೆ ಮೇರಿ ಅಡಿಲೇಡ್ ನಗರಕ್ಕೆ ಬಂದರು. ಆಗಸ್ಟ್ 15ರಂದು ವ್ರತ ಸ್ವೀಕರಿಸಿ ಶಿಲುಬೆಯ ಮೇರಿ ಎಂಬ ಹೆಸರು ಪಡೆದರು. ವಯಸ್ಸು 25. ಫಾದರ್ ವುಡ್ಸ್ ನಿಯಮಾವಳಿ ಬರೆದರು. ಬಿಷಪ್ಪರು ಒಪ್ಪಿಗೆ ಕೊಟ್ಟರು. ಸಂಘದ ಹೆಸರು ಪವಿತ್ರ ಹೃದಯದ ಸಂತ ಜೋಸೆಫರ ಭಗಿನಿಯರು. ಅವರು ತೊಟ್ಟದ್ದು ಕಂದು ಬಣ್ಣದ ಒರಟು ಬಟ್ಟೆ. ಜನ ಪ್ರೀತಿಯಿಂದ ಇಟ್ಟ ಹೆಸರು ಬ್ರೌನ್ ಜೋಯೀಸ್.

ಈ ನಿಯಮಾವಳಿಯಲ್ಲಿ ಮೂರು ಸಂಗತಿಗಳು ಯುರೋಪಿನ ಹಳೆಯ ಸಂಘಗಳ ಪದ್ಧತಿಗೆ ತದ್ವಿರುದ್ಧ. ಅಲ್ಲಿ ಕಾನ್ವೆಂಟು ಸೇರುವ ಹುಡುಗಿ ಮನೆಯಿಂದ ಹಣ ತರಬೇಕಿತ್ತು. ತಂದವರು ಪ್ರಾರ್ಥನೆ, ಪಾಠದ ಕೆಲಸಕ್ಕೆ, ತಾರದವರು ಅಡುಗೆ ಕೋಣೆಗೆ, ಬಟ್ಟೆ ಒಗೆಯಲಿಕ್ಕೆ. ಮೇರಿಯ ಸಂಘದಲ್ಲಿ ಹಣವೂ ಬೇಕಿರಲಿಲ್ಲ, ಈ ಮೇಲು ಕೀಳೂ ಇರಲಿಲ್ಲ. ಎರಡನೆಯದಾಗಿ, ದೊಡ್ಡ ಗೋಡೆಯ ಮಠದ ಬದಲು ಸಿಸ್ಟರುಗಳು ಇಬ್ಬರು ಮೂವರಾಗಿ ಹಳ್ಳಿಯ ಬಾಡಿಗೆ ಗುಡಿಸಲಿನಲ್ಲಿ, ಗಣಿ ಬಿಡಾರದ ಪಕ್ಕದಲ್ಲಿ, ಹೊಸ ರೈಲುದಾರಿಯ ಕೆಲಸಗಾರರ ನಡುವೆ ವಾಸ ಮಾಡಬೇಕು. ಬದುಕಲು ಭಿಕ್ಷೆ ಎತ್ತಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಲ್ಲ ಊರಿನ ಎಲ್ಲ ಸಿಸ್ಟರುಗಳೂ ಒಬ್ಬ ಮುಖ್ಯ ಮದರ್‌ನ ಆಡಳಿತಕ್ಕೆ ಸೇರಿದವರು. ಆಕೆಯನ್ನು ಆರಿಸುವವರು ಸಿಸ್ಟರುಗಳೇ.

ಮೂರನೆಯದಕ್ಕೆ ಕಾರಣ ಮೊದಲೆರಡರಲ್ಲೇ ಇದೆ. ಇಬ್ಬರೇ ಸಿಸ್ಟರುಗಳು ಕಾಡಿನಂಚಿನ ಹಳ್ಳಿಯಲ್ಲಿದ್ದಾಗ ಒಬ್ಬಾಕೆಗೆ ಕಾಯಿಲೆಯಾದರೆ ಇನ್ನೊಂದು ಊರಿನಿಂದ ಬದಲಿಗೆ ಯಾರಾದರೂ ಬರಬೇಕು. ಗಣಿ ಮುಚ್ಚಿ ಜನ ಊರು ಬಿಟ್ಟರೆ ಸಿಸ್ಟರುಗಳೂ ಅವರ ಹಿಂದೆ ಹೋಗಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಒಂದೇ ಕಡೆ ತರಬೇತಿ ಆಗಬೇಕು. ಒಬ್ಬೊಬ್ಬ ಬಿಷಪ್ಪರು ತಮ್ಮ ತಮ್ಮ ಗಡಿಯೊಳಗಿನ ಸಿಸ್ಟರುಗಳನ್ನು ಹಿಡಿದಿಟ್ಟುಕೊಂಡರೆ ಇದೊಂದೂ ನಡೆಯದು.

ಬಿಷಪ್ಪರ ಕಡೆಯಿಂದ ನೋಡಿದರೆ ಕಥೆ ಬೇರೆ. 1870ರ ದಶಕದಿಂದ ಆಸ್ಟ್ರೇಲಿಯಾದ ಪ್ರಾಂತ್ಯಗಳು ಒಂದೊಂದಾಗಿ ಸರಕಾರಿ ಶಿಕ್ಷಣ ಕಾಯ್ದೆಗಳನ್ನು ತಂದವು: ವಿಕ್ಟೋರಿಯಾ 1872ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ 1875ರಲ್ಲಿ, ನ್ಯೂ ಸೌತ್ ವೇಲ್ಸ್ 1880ರಲ್ಲಿ. ಚರ್ಚಿನ ಶಾಲೆಗಳು ಇನ್ನು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕಾಯಿತು. ಸಂಬಳ ಕೇಳದ ಶಿಕ್ಷಕಿಯರು ಪ್ರತಿ ಬಿಷಪ್ಪರಿಗೂ ಬೇಕು. ಬೇಕಾದವರನ್ನು ಕೈಕೆಳಗೆ ಇಟ್ಟುಕೊಳ್ಳಬೇಕೆಂಬ ಆಸೆಯೂ ಅದರ ಬೆನ್ನಿಗೇ ಬಂತು.

1871ರ ಬಹಿಷ್ಕಾರ

ಸಂಘ ಬೆಳೆದ ವೇಗವೇ ತೊಡಕು ತಂದಿತು. ನಾಲ್ಕೇ ವರ್ಷದಲ್ಲಿ 120ಕ್ಕೂ ಹೆಚ್ಚು ಸಿಸ್ಟರುಗಳು. ಮೇರಿ 1870ರ ಹೊತ್ತಿಗೆ ಕ್ವೀನ್ಸ್‌ಲೆಂಡಿನಲ್ಲಿ ಹೊಸ ಶಾಲೆಗಳನ್ನು ತೆರೆಯುತ್ತಿದ್ದರು. ಬಿಷಪ್ ಶೀಲ್ ವ್ಯಾಟಿಕನ್ ಮಹಾಸಭೆಗೆಂದು ಯುರೋಪಿನಲ್ಲಿದ್ದರು. ಇತ್ತ ಅಡಿಲೇಡಿನಲ್ಲಿ ದೂರುಗಳು ಬೆಳೆಯುತ್ತಿದ್ದವು. ಫಾದರ್ ವುಡ್ಸ್ ಲೆಕ್ಕವಿಲ್ಲದೆ ಸಾಲ ಮಾಡಿದ್ದಾರೆ, ಸಿಸ್ಟರುಗಳಿಗೆ ಸರಿಯಾದ ಓದಿಲ್ಲ, ಒಂದಿಬ್ಬರು ದರ್ಶನ ಕಂಡೆವೆಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಸಾಲದ ಮಾತಂತೂ ಸುಳ್ಳಲ್ಲ. ವುಡ್ಸ್ ಅವರ ಹುಮ್ಮಸ್ಸು ಯಾವತ್ತೂ ಅವರ ಲೆಕ್ಕಪತ್ರಕ್ಕಿಂತ ಮುಂದೆ ಓಡುತ್ತಿತ್ತು.

ಇದರ ಜೊತೆಗೆ ಇನ್ನೊಂದು ಘಟನೆ. ಕಪುಂಡಾ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಕೀಟಿಂಗ್ ಮಕ್ಕಳ ಮೇಲೆ ದೌರ್ಜನ್ಯ ನಡೆಸುತ್ತಿದ್ದಾರೆ ಎಂಬ ಸುದ್ದಿ 1870ರಲ್ಲಿ ಜೋಸೆಫರ ಸಂಘದ ಸಿಸ್ಟರುಗಳ ಕಿವಿಗೆ ಬಿತ್ತು. ಅವರು ಅದನ್ನು ವುಡ್ಸ್ ಅವರಿಗೆ ಮುಟ್ಟಿಸಿದರು. ಕೀಟಿಂಗ್ ಅವರನ್ನು ಐರ್ಲೆಂಡಿಗೆ ವಾಪಸು ಕಳಿಸಲಾಯಿತು. ಅವರ ಜೊತೆಗಾರ ಫಾದರ್ ಚಾರ್ಲ್ಸ್ ಹೋರನ್ ಇದನ್ನು ಮರೆಯಲಿಲ್ಲ; ಮುಂದೆ ಬಿಷಪ್ಪರ ಮೇಲೆ ಹೆಚ್ಚು ಪ್ರಭಾವ ಇದ್ದದ್ದೂ ಅವರದೇ. ಈ ದೂರು ಕೊಟ್ಟಾಗ ಮೇರಿ ಊರಿನಲ್ಲಿರಲಿಲ್ಲ. ಹಾಗಾಗಿ ಬಹಿಷ್ಕಾರಕ್ಕೆ ಇದೊಂದೇ ಕಾರಣ ಎನ್ನುವುದು ಅವಸರದ ಮಾತು. ದ್ವೇಷ ಬೆಳೆಯಲು ಇದೂ ಒಂದು ಗೊಬ್ಬರವಾಯಿತು ಎಂದರೆ ತಪ್ಪಾಗದು.

1871ರಲ್ಲಿ ಮರಳಿ ಬಂದ ಬಿಷಪ್ ಶೀಲ್ ನಿಯಮಾವಳಿಯನ್ನೇ ಬದಲಿಸಹೊರಟರು. ಕಾನ್ವೆಂಟುಗಳು ಆಯಾ ಊರಿನ ಪಾದ್ರಿಯ ಕೈಕೆಳಗೆ ಬರಬೇಕು; ಓದಿದವರು, ಓದದವರು ಎಂದು ಸಿಸ್ಟರುಗಳನ್ನು ಎರಡು ದರ್ಜೆ ಮಾಡಬೇಕು. ಮೇರಿ ಅವರಿಗೆ ಬರೆದ ಪತ್ರ ವಿನಯದ್ದು, ಆದರೆ ನಿಲುವು ಖಚಿತ. ಬದಲಿಸುವ ಅಧಿಕಾರ ತಮಗಿದೆ; ಬದಲಿಸಿದ ಸಂಘದಲ್ಲಿ ನಾನು ಇರಲಾರೆ ಎಂಬುದು ಅದರ ಸಾರ.

ಸೆಪ್ಟೆಂಬರ್ 22ರ ಬೆಳಿಗ್ಗೆ ಫ್ರಾಂಕ್ಲಿನ್ ಸ್ಟ್ರೀಟಿನ ಕಾನ್ವೆಂಟಿಗೆ ಬಿಷಪ್ಪರು ಕಿರೀಟ ತೊಟ್ಟು, ದಂಡ ಹಿಡಿದು, ಪಾದ್ರಿಗಳ ಸಮೇತ ಬಂದರು. 29 ವರ್ಷದ ಮೇರಿಯನ್ನು ಮಂಡಿಯೂರಿಸಿ, ಉಳಿದ ಸಿಸ್ಟರುಗಳ ಎದುರಿನಲ್ಲೇ, ಅವಿಧೇಯತೆಯ ಕಾರಣ ಹೇಳಿ ಧರ್ಮಸಭೆಯಿಂದ ಬಹಿಷ್ಕಾರ ಹಾಕಿದರು. ಅಂದಿನ ಕೆಥೊಲಿಕ್ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಪರಮಪ್ರಸಾದ ಇಲ್ಲ, ಧರ್ಮಸಭೆಯ ಮಕ್ಕಳು ಆಕೆಯ ಸಂಗ ಮಾಡುವಂತಿಲ್ಲ. ಆ ಹೊತ್ತಿನಲ್ಲಿ ತಾನು ಕನಸಿನಲ್ಲಿರುವ ಹಾಗಿತ್ತು, ಬಿಷಪ್ಪರ ಮೇಲೆ ಸಿಟ್ಟೇ ಬರಲಿಲ್ಲ ಎಂದು ಮೇರಿ ನಂತರ ಪತ್ರದಲ್ಲಿ ಬರೆದರು. ಸಿಸ್ಟರುಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಕಂದು ಉಡುಪು ಕಳಚಿ ಹೊರಬಂದರು. ಎಷ್ಟೋ ಶಾಲೆಗಳು ಮುಚ್ಚಿದವು.

ಆಗ ಇವರಿಗೆ ಬಾಡಿಗೆಯಿಲ್ಲದೆ ಮನೆ ಕೊಟ್ಟವರು ಎಮಾನ್ಯುಯೆಲ್ ಸಾಲೊಮನ್ ಎಂಬ ಯೆಹೂದಿ ವ್ಯಾಪಾರಿ. ಕೈದಿಯಾಗಿ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದು, ವ್ಯಾಪಾರದಲ್ಲಿ ಮೇಲೆದ್ದು, ಶಾಸನಸಭೆಯ ಸದಸ್ಯರೂ ಆದವರು. ಪ್ರೆಸ್ಬಿಟೇರಿಯನ್ ಪಂಥದ ಜೊಯಾನಾ ಬಾರ್ ಸ್ಮಿತ್ ಕೊನೆಯವರೆಗೂ ಮೇರಿಯ ಗೆಳತಿಯಾಗಿ, ಕೊಡುಗೈಯಾಗಿ ಉಳಿದರು. ನಾರ್ವುಡ್ಡಿನ ಯೇಸುಸಭೆಯ ಗುರುಗಳು ಈ ಬಹಿಷ್ಕಾರ ಊರ್ಜಿತವಲ್ಲ ಎಂದು ಭಾವಿಸಿ ಸದ್ದಿಲ್ಲದೆ ಪರಮಪ್ರಸಾದ ಕೊಟ್ಟರು.

ಐದು ತಿಂಗಳಾಗಿತ್ತು. ಸಾವಿನ ಹಾಸಿಗೆಯಲ್ಲಿದ್ದ ಶೀಲ್ ತಪ್ಪಾಯಿತೆಂದು ಹೇಳಿ, 1872ರ ಫೆಬ್ರವರಿ 23ರಂದು ಬಹಿಷ್ಕಾರ ತೆಗೆಸಿದರು. ಒಂದು ವಾರದಲ್ಲಿ ತೀರಿಕೊಂಡರು. ವಿಚಾರಣೆಗೆ ಬಂದ ಬಿಷಪ್ಪರ ಆಯೋಗ ಸಿಸ್ಟರುಗಳ ಮೇಲೆ ತಪ್ಪು ಹೊರಿಸಲಿಲ್ಲ.

ರೋಮಿಗೆ ಒಂಟಿಯಾಗಿ

ಒಬ್ಬ ಬಿಷಪ್ಪರ ಒಪ್ಪಿಗೆಯ ಮೇಲೆ ನಿಂತದ್ದನ್ನು ಅದೇ ಬಿಷಪ್ಪರು ಒಂದು ಬೆಳಿಗ್ಗೆಯಲ್ಲಿ ಕೆಡವಬಹುದು. ಈ ಪಾಠ ಕಲಿತ ಮೇರಿ 1873ರಲ್ಲಿ ಹಡಗು ಹತ್ತಿ ಒಂಟಿಯಾಗಿ ರೋಮಿಗೆ ಹೋದರು. ಜೂನ್ 1ರಂದು ಪೋಪ್ ಒಂಬತ್ತನೆಯ ಪಯಸ್ ಅವರ ದರ್ಶನವಾಯಿತು. ಬಹಿಷ್ಕಾರದ ಸುದ್ದಿ ಅವರಿಗೂ ತಿಳಿದಿತ್ತು. ನಿಯಮಾವಳಿ ಅಧಿಕಾರಿಗಳ ಮೇಜಿನ ಮೇಲಿದ್ದಷ್ಟು ಕಾಲ ಮೇರಿ ಯುರೋಪಿನಲ್ಲಿ ಶಾಲೆಗಳನ್ನು ನೋಡಿದರು, ಸ್ಕಾಟ್ಲೆಂಡಿನಲ್ಲಿ ಬಂಧುಗಳನ್ನು ಕಂಡರು, ಐರ್ಲೆಂಡಿನಲ್ಲಿ ಸಂಘಕ್ಕೆ ಹುಡುಗಿಯರನ್ನು ಹುಡುಕಿದರು. 1875ರ ಜನವರಿಯಲ್ಲಿ ಮರಳಿದಾಗ ಜೊತೆಗೆ ಹದಿನೈದು ಮಂದಿ ಐರಿಷ್ ಹುಡುಗಿಯರಿದ್ದರು.

ರೋಮ್ ಮುಖ್ಯ ಮದರ್‌ನ ಆಡಳಿತವನ್ನು ಉಳಿಸಿಕೊಟ್ಟಿತು. ಆದರೆ ಏನೂ ಆಸ್ತಿಯಿಲ್ಲದ ಕಡುಬಡತನದ ವ್ರತವನ್ನು ಸಡಿಲಿಸಿ, ಸಂಘಕ್ಕೆ ಆಸ್ತಿ ಹೊಂದುವ ಹಕ್ಕು ಕೊಟ್ಟಿತು. ವುಡ್ಸ್ ಇದನ್ನು ತಮ್ಮ ಆದರ್ಶಕ್ಕೆ ಬಗೆದ ದ್ರೋಹವೆಂದು ತಿಳಿದರು. ಮೇರಿ ಇನ್ನೂ ಗಟ್ಟಿಯಾಗಿ ವಾದಿಸಬೇಕಿತ್ತೆಂಬುದು ಅವರ ದೂರು. ಜೊತೆಗೂಡಿ ಸಂಘ ಕಟ್ಟಿದ ಇಬ್ಬರ ನಡುವೆ ಬಿದ್ದ ಬಿರುಕು 1889ರಲ್ಲಿ ವುಡ್ಸ್ ತೀರಿಕೊಳ್ಳುವವರೆಗೂ ಪೂರ್ತಿ ಮುಚ್ಚಲಿಲ್ಲ. ವ್ಯವಹಾರದ ದೃಷ್ಟಿಯಿಂದ ಮೇರಿಯೇ ಸರಿ. ಬಾಡಿಗೆ ಮನೆಯಲ್ಲೇ ಇರುವ ಸಂಘವನ್ನು ಮನೆಯ ಮಾಲೀಕ ಒಂದು ದಿನ ಬೀದಿಗೆ ಹಾಕಬಲ್ಲ, ಮತ್ತು ಆ ಮಾಲೀಕ ಹಲವು ಸಲ ಬಿಷಪ್ಪರೇ ಆಗಿರುತ್ತಿದ್ದರು.

ರೋಮಿನ ಕಾಗದ ಬಂದ ಮಾತ್ರಕ್ಕೆ ಜಗ್ಗಾಟ ಮುಗಿಯಲಿಲ್ಲ. ಬಾಥರ್ಸ್ಟಿನ ಬಿಷಪ್ ಮ್ಯಾಥ್ಯೂ ಕ್ವಿನ್ ತಮ್ಮ ಊರಿನ ಸಿಸ್ಟರುಗಳು ತಮಗೇ ಸೇರಿದವರೆಂದರು. ಪಿಯಾನೋ ಕಲಿಸಬೇಕೆಂಬ ಹಟವೂ ಅಲ್ಲಿತ್ತು. 1876ರಲ್ಲಿ ಮೇರಿ ತಮ್ಮವರನ್ನು ಹಿಂದಕ್ಕೆ ಕರೆಸಿಕೊಂಡರು. ಉಳಿದವರು ಪರ್ತ್‌ವಿಲ್ ಎಂಬಲ್ಲಿ ಬಿಷಪ್ಪರ ಅಧೀನದ ಬೇರೆ ಸಂಘವಾಗಿ, ಕಪ್ಪು ಉಡುಪು ತೊಟ್ಟು, ಬ್ಲ್ಯಾಕ್ ಜೋಯೀಸ್ ಎನಿಸಿಕೊಂಡರು. ಮ್ಯಾಥ್ಯೂ ಅವರ ಅಣ್ಣ ಜೇಮ್ಸ್ ಕ್ವಿನ್ ಬ್ರಿಸ್ಬೇನಿನ ಬಿಷಪ್. ಅಲ್ಲಿಯೂ ಅದೇ ವಾದ, ಅದೇ ಕೊನೆ. 1880ರ ಹೊತ್ತಿಗೆ ಕ್ವೀನ್ಸ್‌ಲೆಂಡಿನ ಶಾಲೆಗಳನ್ನೆಲ್ಲ ಬಿಟ್ಟು ಸಿಸ್ಟರುಗಳು ಹೊರಟರು. ಕಟ್ಟಿದ್ದನ್ನು ಬಿಟ್ಟು ಹೋಗುವುದು ಅಳುತ್ತ ನಿಂತ ಮಕ್ಕಳ ಎದುರು ಸುಲಭದ ತೀರ್ಮಾನವಾಗಿರಲಾರದು. ಮಕ್ಕಳ ಲೆಕ್ಕದಲ್ಲಿ ಇದು ನಷ್ಟವೇ. ಮೇರಿಯ ನಿಲುವಿಗೆ ತೆತ್ತ ಬೆಲೆ ಇದೆಂದು ಒಪ್ಪಿಕೊಳ್ಳಬೇಕು.

ಪದವಿ ಹೋಯಿತು, ನಿಯಮ ಉಳಿಯಿತು

1883ರಲ್ಲಿ ಅಡಿಲೇಡಿನ ಬಿಷಪ್ ಕ್ರಿಸ್ಟೋಫರ್ ರೆನಾಲ್ಡ್ಸ್, ಒಂದು ಕಾಲದ ಹಿತೈಷಿ, ತನಿಖೆಯ ನೆಪದಲ್ಲಿ ಮೇರಿಯನ್ನು ಊರು ಬಿಡಿಸಿದರು. ಕುಡಿತದ ಆರೋಪವೂ ಬಂತು. ಮುಟ್ಟಿನ ತೀವ್ರ ನೋವಿಗೆ ಡಾಕ್ಟರು ಬರೆದುಕೊಟ್ಟ ಬ್ರಾಂದಿ ಅದರ ಮೂಲ. ಮೇರಿ ಸಿಡ್ನಿಗೆ ಬಂದರು. 1885ರಲ್ಲಿ ಅಲ್ಲಿನ ಕಾರ್ಡಿನಲ್ ಮೋರನ್ ಮೇರಿಯನ್ನು ಮುಖ್ಯ ಮದರ್ ಸ್ಥಾನದಿಂದ ಇಳಿಸಿ, ಸಂಘದವರೇ ಆದ ಮದರ್ ಬರ್ನಾರ್ಡ್ ಅವರನ್ನು ಕೂರಿಸಿದರು. ಮರುವರ್ಷ ಮೇ ತಿಂಗಳಲ್ಲಿ, ಸಿಡ್ನಿಯ ಸಿಸ್ಟರುಗಳ ಸಹಾಯಾರ್ಥ ಮಾರಾಟಮೇಳಕ್ಕೆಂದು ಹೊರಟ ತಾಯಿ ಫ್ಲೋರಾ, ಲೈ-ಈ-ಮೂನ್ ಎಂಬ ಹಡಗು ಗ್ರೀನ್ ಕೇಪಿನ ಬಂಡೆಗೆ ಬಡಿದು ತೀರಿಕೊಂಡರು.

1888ರಲ್ಲಿ ಪೋಪ್ ಹದಿಮೂರನೆಯ ಲಿಯೋ ಸಂಘಕ್ಕೆ ಅಂತಿಮ ಮಂಜೂರಾತಿ ಕೊಟ್ಟರು. ಮುಖ್ಯ ಮದರ್‌ನ ಆಡಳಿತ ಖಾಯಂ, ಕೇಂದ್ರ ಸಿಡ್ನಿಯಲ್ಲಿ. ಆದರೆ ಆ ಹುದ್ದೆ ಇನ್ನೂ ಹತ್ತು ವರ್ಷ ಮದರ್ ಬರ್ನಾರ್ಡ್ ಅವರದೇ ಎಂದೂ ರೋಮ್ ಹೇಳಿತು. ಮೇರಿ ಹೋರಾಡಿ ಪಡೆದ ಹುದ್ದೆಯಲ್ಲಿ ಇನ್ನೊಬ್ಬರು ಕೂತರು. ಅವರ ಕೈಕೆಳಗೆ ಮೇರಿ ಸದ್ದಿಲ್ಲದೆ ದುಡಿದರು, ನ್ಯೂಜಿಲೆಂಡಿನವರೆಗೆ ತಿರುಗಿದರು. ಮದರ್ ಬರ್ನಾರ್ಡ್ 1898ರಲ್ಲಿ ತೀರಿಕೊಂಡ ಮೇಲೆ, 1899ರ ಜನವರಿಯಲ್ಲಿ ಸಿಸ್ಟರುಗಳು ಮತ ಹಾಕಿ ಮೇರಿಯನ್ನು ಮತ್ತೆ ಆರಿಸಿದರು. 1902ರಲ್ಲಿ ನ್ಯೂಜಿಲೆಂಡಿನ ರೋಟೊರುವಾದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅರವತ್ತರಲ್ಲಿ ಎಡಗೈಯಲ್ಲಿ ಬರೆಯಲು ಕಲಿತರು. 1905ರಲ್ಲಿ ಅದೇ ಸ್ಥಿತಿಯಲ್ಲಿ ಮತ್ತೆ ಆಯ್ಕೆಯಾದರು.

1909ರ ಆಗಸ್ಟ್ 8ರಂದು ನಾರ್ತ್ ಸಿಡ್ನಿಯಲ್ಲಿ ಅವರು ಕಣ್ಣುಮುಚ್ಚಿದಾಗ ಸಂಘದ 117 ಶಾಲೆಗಳಲ್ಲಿ ಸುಮಾರು 12,400 ಮಕ್ಕಳು ಓದುತ್ತಿದ್ದರು. ಗೋರ್ ಹಿಲ್ ಸ್ಮಶಾನದ ಸಮಾಧಿಯಿಂದ ಜನ ಹಿಡಿ ಹಿಡಿ ಮಣ್ಣು ಒಯ್ಯತೊಡಗಿದ್ದರಿಂದ 1914ರಲ್ಲಿ ಅಸ್ಥಿಯನ್ನು ಮೌಂಟ್ ಸ್ಟ್ರೀಟಿನ ಪ್ರಾರ್ಥನಾಲಯಕ್ಕೆ ತರಬೇಕಾಯಿತು. ಅಲ್ಲಿನ ಅಮೃತಶಿಲೆಯ ಸಮಾಧಿ ಜೊಯಾನಾ ಬಾರ್ ಸ್ಮಿತ್ ಕೊಡುಗೆ. ಅಡಿಲೇಡಿನ ಆರ್ಚ್‌ಬಿಷಪ್ ಫಿಲಿಪ್ ವಿಲ್ಸನ್ 1871ರ ಬಹಿಷ್ಕಾರಕ್ಕಾಗಿ ಸಂಘದ ಕ್ಷಮೆ ಕೇಳಿದ್ದು 2009ರಲ್ಲಿ. ಪಿಯಾನೋದ ಕಟ್ಟಳೆ ಮಾತ್ರ ಉಳಿಯಲಿಲ್ಲ. ಮುಂದಿನ ದಶಕಗಳಲ್ಲಿ ಹಳ್ಳಿ ಕಾನ್ವೆಂಟುಗಳ ಖರ್ಚು ತೂಗಿಸಿದ್ದೇ ಸಂಗೀತದ ಪಾಠ.

ಇಲ್ಲಿನ ಕಡತಗಳು

ಶಾಲೆ ಕಟ್ಟಿದ ಸಿಸ್ಟರುಗಳ ಕಥೆ ನಮ್ಮ ನಾಡಿನಲ್ಲೂ ಇದೆ. ಮೇರಿ ಕ್ವೀನ್ಸ್‌ಲೆಂಡಿನಲ್ಲಿದ್ದ 1870ನೆಯ ಇಸವಿಯ ನವೆಂಬರಿನಲ್ಲೇ ಅಪೊಸ್ತಲಿಕ್ ಕಾರ್ಮೆಲ್ ಸಂಘದ ಮೊದಲ ಸಿಸ್ಟರುಗಳು ಮಂಗಳೂರಿನಲ್ಲಿ ಇಳಿದರು. ಸೇಂಟ್ ಆನ್ಸ್ ಶಾಲೆ ಅವರಿಂದ ಬಂತು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜೂ ಅದೇ ಸಂಘದಿಂದ. ಆ ಸಂಘದ ಸ್ಥಾಪಕಿ ಮದರ್ ವೆರೋನಿಕಾ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿ, ಕೆಥೊಲಿಕ್ ಆಗಿ, ಕಲ್ಲಿಕೋಟೆಯಲ್ಲಿ ಕೆಲಸ ಮಾಡಿ, 1868ರಲ್ಲಿ ಫ್ರಾನ್ಸಿನ ಬಾಯೋನ್‌ನಲ್ಲಿ ಸಂಘ ಕಟ್ಟಿದವರು. 1921ರಲ್ಲೇ ಮಂಗಳೂರಿನಲ್ಲಿ ಬೆಥನಿ ಸಿಸ್ಟರುಗಳ ಸಂಘವೂ ಹುಟ್ಟಿತು. ಕರಾವಳಿಯಲ್ಲಿ, ಬೆಂಗಳೂರಿನಲ್ಲಿ, ಮಲೆನಾಡಿನ ಊರುಗಳಲ್ಲಿ ಇವರ ಬಳಿ ಓದಿದ ಕನ್ನಡಿಗರು ಲಕ್ಷಗಟ್ಟಲೆ ಇದ್ದಾರೆ.

ಮೇರಿ ಮೆಕಿಲಪ್ ಬಗ್ಗೆ ಇಷ್ಟು ವಿವರವಾಗಿ ಮಾತಾಡಲು ಸಾಧ್ಯವಾದದ್ದು ಅವರ ನೂರಾರು ಪತ್ರಗಳನ್ನು ಸಂಘ ಕಾಪಾಡಿಕೊಂಡು ಬಂದದ್ದರಿಂದ. ನಮ್ಮ ಕಾನ್ವೆಂಟುಗಳಲ್ಲೂ ಹಳೆಯ ಹಾಜರಿ ಪುಸ್ತಕ, ಖರ್ಚಿನ ಲೆಕ್ಕ, ಬಿಷಪ್ಪರಿಗೆ ಬರೆದ ಪತ್ರದ ನಕಲುಗಳಿರುತ್ತವೆ. ಮೊದಲ ತರಗತಿಗೆ ಯಾರ ಮಕ್ಕಳು ಬಂದರು, ಯಾರ ಫೀಜು ಮನ್ನಾ ಆಯಿತು, ಯಾವ ಟೀಚರನ್ನು ಯಾರು ಎಲ್ಲಿಗೆ ಕಳಿಸಿದರು ಎಂಬುದು ಅಂಥ ಪುಸ್ತಕಗಳಲ್ಲೇ ಸಿಗಬೇಕು. ಇತಿಹಾಸ ಎಂ.ಎ. ಓದುತ್ತಿರುವ ವಿದ್ಯಾರ್ಥಿಗಳು ತಮ್ಮೂರಿನ ಕಾನ್ವೆಂಟಿನ ಕದ ತಟ್ಟಿ, ಅನುಮತಿ ಕೇಳಿ, ಆ ಕಡತಗಳನ್ನು ಗೆದ್ದಲು ಹಿಡಿಯುವ ಮೊದಲು ಓದಲಿ, ಕನ್ನಡದಲ್ಲಿ ಬರೆಯಲಿ. ಸಂಘಗಳ ಹಿರಿಯ ಸಿಸ್ಟರುಗಳೂ ಅವರಿಗೆ ಬೀರು ತೆರೆದುಕೊಡಲಿ.